ಎಸ್‌ಟಿ ಏರದ ಹೃದಯಾಘಾತ: ಎಐ ಇಸಿಜಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಇಸಿಜಿ ಹಾಳೆಯ ಫೋಟೊ ನೋಡಿ ಹೃದಯದ ರಕ್ತನಾಳ ಮುಚ್ಚಿದೆಯೇ ಎಂದು ಹೇಳುವ ಎಐ ಆ್ಯಪನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಬಳಸಬೇಕೆಂದಿದ್ದೇವೆ. ಮುಚ್ಚಿದ ನಾಳವನ್ನು ತೆರೆಯುವ ಕ್ಯಾಥ್‌ಲ್ಯಾಬ್ ಎರಡು ಗಂಟೆ ದೂರ. ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ತುರ್ತು ಚಿಕಿತ್ಸಾ ವೈದ್ಯೆ: ಖಂಡಿತ ಬಳಸಿ. ಎದೆಗೆ ಅಂಟಿಸುವ ವಿ2, ವಿ3 ಲೀಡ್‌ಗಳಲ್ಲಿ ಎಸ್‌ಟಿ (ಕ್ಯೂಆರ್‌ಎಸ್ ಎಂಬ ಮೊನಚು ಅಲೆಯ ನಂತರದ ಗೆರೆ) 40 ದಾಟಿದ ಗಂಡಸರಿಗೆ 2 ಮಿ.ಮೀ., ಹೆಂಗಸರಿಗೆ 1.5 ಮಿ.ಮೀ. ಏರಿದರೆ ಸ್ಟೆಮಿ, ಅಂದರೆ ಎಸ್‌ಟಿ ಏರಿದ ಹೃದಯಾಘಾತ ಅನ್ನುತ್ತೇವೆ. ಅಷ್ಟು ಏರದೆ ಎನ್‌ಸ್ಟೆಮಿ (ಎಸ್‌ಟಿ ಏರದ ಹೃದಯಾಘಾತ) ಅನ್ನಿಸಿಕೊಂಡವರಲ್ಲೂ ಸುಮಾರು ಕಾಲು ಭಾಗದವರಿಗೆ ನಾಳ ಪೂರ್ತಿ ಮುಚ್ಚಿರುತ್ತದೆ. ಕ್ಯೂಆರ್‌ಎಸ್‌ಗೆ ಹೋಲಿಸಿದರೆ ತೀರಾ ದಪ್ಪಗಿರುವ ಟಿ ಅಲೆ (ಎಸ್‌ಟಿಯ ನಂತರದ ಉಬ್ಬು), ಎವಿಎಲ್ ಎಂಬ ಲೀಡ್‌ನಲ್ಲಿ ಎಸ್‌ಟಿ ಅರ್ಧ ಮಿ.ಮೀ. ಕುಸಿತ, ಇಂಥವು ನಡುರಾತ್ರಿಯ ಡ್ಯೂಟಿಯಲ್ಲಿ ಕಣ್ತಪ್ಪುತ್ತವೆ. ಎಐ ಹಿಡಿಯುವುದು ಇವನ್ನೇ. 2023ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡ 7,313 ಎದೆನೋವಿನ ರೋಗಿಗಳ ಇಸಿಜಿ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಯಂತ್ರ ವೈದ್ಯರನ್ನೂ ಮೀರಿಸಿತ್ತು.

ಇಸಿಜಿ ಟೆಕ್ನಿಷಿಯನ್: ಆ್ಯಪ್ ತಪ್ಪುವುದಕ್ಕಿಂತ ಮೊದಲು ನಾವೇ ತಪ್ಪಿರುತ್ತೇವೆ! ವಿ1, ವಿ2 ಸಾಮಾನ್ಯವಾಗಿ ಪಕ್ಕೆಲುಬುಗಳ ಒಂದು ಸಂದು ಮೇಲೆ ಅಂಟಿರುತ್ತವೆ. ಕೊರಳ ಕುಳಿಯಿಂದ ಬೆರಳು ಜಾರಿಸಿ. ಎದೆಮೂಳೆಯ ಮೇಲೆ ಅಡ್ಡ ಏಣು ಸಿಗುತ್ತದೆ, ಅಲ್ಲಿ ಸೇರುವುದು ಎರಡನೇ ಪಕ್ಕೆಲುಬು. ಅದರ ಕೆಳಗಿನ ಸಂದು ಎರಡನೆಯದು. ಇನ್ನೆರಡು ಇಳಿದರೆ ನಾಲ್ಕನೆಯದು, ವಿ1, ವಿ2 ಅಲ್ಲಿಗೇ. ಲೀಡ್ 1 (ಎರಡು ಕೈಗಳ ನಡುವೆ ಅಳೆಯುವ ಗೆರೆ) ತಲೆಕೆಳಗಾಗಿ ಬಂದರೆ ಮೊದಲು ಕೈ ವೈರು ಅದಲುಬದಲಾಗಿದೆಯೇ ನೋಡಿ. ಹಾಳೆಯ ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ 10 ಮಿ.ಮೀ.ಗೆ 1 ಮಿಲಿವೋಲ್ಟ್ ಇರಲಿ. ಹಾಳೆಯನ್ನು ಮಡಿಕೆಯಿಲ್ಲದೆ ಮೇಜಿನ ಮೇಲೆ ಹರಡಿ, ನೆರಳು, ಟ್ಯೂಬ್‌ಲೈಟಿನ ಹೊಳಪು ಬೀಳದಂತೆ ನೇರ ಮೇಲಿಂದ ಫೋಟೊ ತೆಗೆಯಿರಿ.

ಹೃದ್ರೋಗ ತಜ್ಞ: ಮೇಲಿನೆರಡೂ ಸರಿ, ಆದರೆ ‘ಇಲ್ಲ’ ಎಂದ ಆ್ಯಪನ್ನು ನಂಬಿ ಯಾರನ್ನೂ ಮನೆಗೆ ಕಳಿಸಬೇಡಿ. ನೋವು ಹೋದರೂ ಬಂದರೂ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ಇಸಿಜಿ ತೆಗೆಯಿರಿ, ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್) ಎರಡು ಸಲ ನೋಡಿ. ಹಾಳೆಯಲ್ಲಿ ಬರೆಯದೇ ಇರುವುದು ಯಂತ್ರಕ್ಕೂ ಕಾಣದು. ವಿ1ರಿಂದ ವಿ4ರವರೆಗೆ ಎಸ್‌ಟಿ ಕುಸಿತವಿದ್ದರೆ ರೋಗಿಯನ್ನು ಮಗ್ಗುಲಿಗೆ ತಿರುಗಿಸಿ ಬೆನ್ನಿಗೆ ವಿ7, ವಿ8, ವಿ9 ಹಾಕಿ. ಅಲ್ಲಿ 0.5 ಮಿ.ಮೀ. ಏರಿದ್ದರೂ ಹಿಂಬದಿಯ ಹೃದಯಾಘಾತವೇ. ಬಿಪಿಯಿಂದ ಹೃದಯದ ಗೋಡೆ ದಪ್ಪವಾದವರಲ್ಲಿ, ಎಡ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗಕ್ಕೆ ವಿದ್ಯುತ್ ಸಂಕೇತ ಹೋಗುವ ದಾರಿಯ ತಡೆ) ಇದ್ದವರಲ್ಲಿ ಸುಳ್ಳು ಎಚ್ಚರಿಕೆ ಬರಬಹುದು, ಹಳೆಯ ಇಸಿಜಿ ಕೇಳಿ ಪಕ್ಕಕ್ಕಿಟ್ಟು ನೋಡಿ. ಮುಖ್ಯವಾಗಿ, ಎಸ್‌ಟಿ ಏರದವರಿಗೆ ಆ್ಯಪ್ ಒಂದರ ಮಾತಿಗೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚಬೇಡಿ. ಮೆದುಳಲ್ಲಿ ರಕ್ತಸ್ರಾವವಾದರೆ ವಾಪಸ್ ಬರುವ ದಾರಿಯಿಲ್ಲ. ಕ್ಯಾಥ್‌ಲ್ಯಾಬ್ ಇರುವ ಹಬ್ ಆಸ್ಪತ್ರೆಗೆ ಹಾಳೆ ಕಳಿಸಿ, ಫೋನಿನಲ್ಲೇ ಮಾತಾಡುತ್ತ ಆಂಬ್ಯುಲೆನ್ಸ್ ಕರೆಸಿ. ಪ್ರತಿ ಹಾಳೆಯ ಮೇಲೂ ನೋವು ಶುರುವಾದ ಹೊತ್ತು, ಇಸಿಜಿ ತೆಗೆದ ಹೊತ್ತು, ಆಗ ನೋವಿತ್ತೋ ಇಲ್ಲವೋ, ಪೆನ್ನಿನಲ್ಲಿ ಬರೆಯಿರಿ.