ಎಂಟನೆಯ ಹೆನ್ರಿಯನ್ನು ಮಕ್ಕಳಿಗೆ ಹೇಗೆ ಪರಿಚಯಿಸಬೇಕು?

ಪ್ರಶ್ನೆ

ಒಂಬತ್ತರಿಂದ ಹನ್ನೊಂದು ವರ್ಷದ ಮಕ್ಕಳ ಚಿಕ್ಕ ಗುಂಪೊಂದಕ್ಕೆ ನಾನು ಇತಿಹಾಸ ಹೇಳಿಕೊಡುತ್ತೇನೆ. ಮುಂದಿನ ತಿಂಗಳು ಇಂಗ್ಲೆಂಡಿನ ಟ್ಯೂಡರ್ ದೊರೆ ಎಂಟನೆಯ ಹೆನ್ರಿಯ ಪಾಠವಿದೆ. ಅವನು ಆಳಿದ್ದು 1509ರಿಂದ 1547ರವರೆಗೆ, ಸುಮಾರು ಮೂವತ್ತೆಂಟು ವರ್ಷ. ಆದರೆ ಮಕ್ಕಳಿಗೆ ಮೊದಲೇ ಗೊತ್ತಿರುವುದು ಒಂದೇ ಸಂಗತಿ: ಅವನಿಗೆ ಆರು ಮಂದಿ ರಾಣಿಯರು, ಅವರಲ್ಲಿ ಇಬ್ಬರ ತಲೆ ತೆಗೆಸಿದ.

ಕಳೆದ ವರ್ಷ ನಾನು ರಾಣಿಯರ ಹೆಸರುಗಳನ್ನು ಹಲಗೆಯ ಮೇಲೆ ಸಾಲಾಗಿ ಬರೆದು, ಒಂದೊಂದು ಹೆಸರಿನ ಮುಂದೆ ಅವರಿಗೆ ಒದಗಿದ ಗತಿಯನ್ನು ಬರೆದೆ. ಮಕ್ಕಳು ನಕ್ಕರು, ಪಟ್ಟಿಯನ್ನು ಐದೇ ನಿಮಿಷದಲ್ಲಿ ಬಾಯಿಪಾಠ ಮಾಡಿದರು. ಪಾಠ ಮುಗಿಯುವಾಗ ಒಬ್ಬ ಹುಡುಗಿ ಎದ್ದುನಿಂತು, "ಅವನನ್ನು ಯಾರೂ ಯಾಕೆ ತಡೆಯಲಿಲ್ಲ?" ಎಂದು ಕೇಳಿದಳು. ಅವನು ರಾಜನಾಗಿದ್ದನಲ್ಲ ಎಂದಷ್ಟೇ ಹೇಳಿ ನಾನು ಜಾರಿಕೊಂಡೆ. ಆ ಉತ್ತರವೂ ಮಕ್ಕಳ ಆ ನಗುವೂ ಇಂದಿಗೂ ನನ್ನನ್ನು ಚುಚ್ಚುತ್ತಿವೆ. ಈ ಸಲ ಎಲ್ಲಿಂದ ಶುರು ಮಾಡಲಿ? ಮರಣದಂಡನೆಗಳ ವಿಷಯವನ್ನು ಎಷ್ಟು ಹೇಳಲಿ? ಪೋಪ್ ಜೊತೆಗಿನ ಜಗಳವನ್ನು ಈ ವಯಸ್ಸಿನವರಿಗೆ ಅರ್ಥವಾಗುವಂತೆ ಹೇಳಲು ಸಾಧ್ಯವೇ?

ಮೊದಲ ಉತ್ತರ

ಆ ಹುಡುಗಿಯ ಪ್ರಶ್ನೆಯನ್ನೇ ಪಾಠ ಮಾಡಿಕೊಳ್ಳಿ, ಉಳಿದದ್ದೆಲ್ಲ ಅದರ ಸುತ್ತ ತಾನಾಗಿ ಕೂಡಿಕೊಳ್ಳುತ್ತದೆ.

ಶುರು ಮಾಡುವುದಾದರೆ ನಿಮ್ಮ ಮಕ್ಕಳಷ್ಟೇ ವಯಸ್ಸಿನ ಹುಡುಗನಿಂದ ಶುರು ಮಾಡಿ. ಹೆನ್ರಿ ಎರಡನೆಯ ಮಗ. ಪಟ್ಟಕ್ಕೆ ಬರಬೇಕಾಗಿದ್ದವನು ಅಣ್ಣ ಆರ್ಥರ್. ಅವನು 1502ರ ಏಪ್ರಿಲ್‌ನಲ್ಲಿ, ಮದುವೆಯಾಗಿ ಐದು ತಿಂಗಳೂ ತುಂಬದೆ, ಲಡ್ಲೋ ಕೋಟೆಯಲ್ಲಿ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ, ತಮ್ಮನಿಗೆ ಹತ್ತು. ಹದಿನೆಂಟು ತುಂಬುವ ಮುಂಚೆಯೇ ಹೆನ್ರಿ ರಾಜನಾದ, ಅಣ್ಣನ ವಿಧವೆ ಕ್ಯಾಥರೀನ್ ಆಫ್ ಅರಗಾನ್‌ಳನ್ನು ಪೋಪ್ ಅನುಮತಿಯ ಮೇರೆಗೆ ಮದುವೆಯಾದ. ಅವನ ತಂದೆ ಸಿಂಹಾಸನವನ್ನು ಗೆದ್ದದ್ದು 1485ರಲ್ಲಿ, ಬಾಸ್‌ವರ್ತ್ ರಣರಂಗದಲ್ಲಿ. ಯುದ್ಧದಿಂದ ಬಂದ ಪಟ್ಟ ಯುದ್ಧದಿಂದಲೇ ಕೈತಪ್ಪಬಹುದು ಎಂಬ ಅಳುಕು ಆ ಮನೆತನಕ್ಕೆ ಇದ್ದೇ ಇತ್ತು. ಹೆನ್ರಿ ಮತ್ತು ಕ್ಯಾಥರೀನ್‌ಗೆ ಹುಟ್ಟಿದ ಮಕ್ಕಳಲ್ಲಿ ಬದುಕಿ ಉಳಿದವಳು ಮೇರಿ ಒಬ್ಬಳೇ. ಗಂಡುಮಗನಿಗಾಗಿ ಅವನು ಅಷ್ಟೊಂದು ಹಂಬಲಿಸಿದ್ದು ಏಕೆಂದು ಮಕ್ಕಳಿಗೆ ಈ ಹಿನ್ನೆಲೆಯಿಲ್ಲದೆ ಅರ್ಥವಾಗುವುದಿಲ್ಲ.

ಪಾಠ ಹೇಳುವಾಗ 'ವಿಚ್ಛೇದನ' ಎಂಬ ಪದವನ್ನು ದಯವಿಟ್ಟು ಬಳಸಬೇಡಿ. ಹೆನ್ರಿ ಕೇಳಿದ್ದು ಮದುವೆ ಮುರಿಯಲಿ ಎಂದಲ್ಲ, ಅದು ಮೊದಲಿನಿಂದಲೇ ಅಸಿಂಧುವಾಗಿತ್ತು ಎಂದು ಸಾರಬೇಕೆಂದು. ಆದರೆ 1527ರಲ್ಲಿ ರೋಮ್ ನಗರವನ್ನು ಸೂರೆಗೈದದ್ದು ಕ್ಯಾಥರೀನ್‌ಳ ಅಕ್ಕನ ಮಗನಾದ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯ. ಅವನ ಚಿಕ್ಕಮ್ಮನ ವಿರುದ್ಧ ತೀರ್ಪು ಕೊಡುವ ಧೈರ್ಯ ಪೋಪ್ ಏಳನೆಯ ಕ್ಲೆಮೆಂಟ್‌ಗೆ ಎಲ್ಲಿಂದ ಬರಬೇಕು? ಇಷ್ಟು ಹೇಳಿದರೆ ಹತ್ತು ವರ್ಷದ ಮಗುವಿಗೂ ಜಗಳದ ಬೇರು ಸಿಗುತ್ತದೆ.

ಇನ್ನು ಆ ಪ್ರಶ್ನೆಗೆ ಬರೋಣ. ತಡೆಯಲು ಯತ್ನಿಸಿದವರು ಇದ್ದರು. ರಾಜನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥ ಎಂದು ಪಾರ್ಲಿಮೆಂಟು 1534ರಲ್ಲಿ ಕಾನೂನು ಮಾಡಿತು. ಅದೇ ಅಧಿವೇಶನದಲ್ಲಿ ಬಂದ ಮತ್ತೊಂದು ಕಾನೂನಿನ ಪ್ರಕಾರ, ದುರುದ್ದೇಶದಿಂದ ಆಡಿದ ಮಾತು ಕೂಡ ರಾಜದ್ರೋಹವಾಗಬಹುದಾಗಿತ್ತು. ಹಿಂದೆ ಹೆನ್ರಿಯ ಚಾನ್ಸಲರ್, ಅಂದರೆ ಹಿರಿಯ ಮಂತ್ರಿ, ಆಗಿದ್ದ ಥಾಮಸ್ ಮೋರ್ ಈ ವಿಷಯದಲ್ಲಿ ಬಾಯಿಯನ್ನೇ ಬಿಡಲಿಲ್ಲ, ಮೌನವೇ ತನ್ನನ್ನು ಕಾಯುತ್ತದೆಂದು ನಂಬಿದ್ದ, ಆದರೂ 1535ರ ಜುಲೈಯಲ್ಲಿ ಅವನ ತಲೆ ಉರುಳಿತು. ಮರುವರ್ಷ ಹೆನ್ರಿ ಕ್ರೈಸ್ತ ಸನ್ಯಾಸಿಗಳ ಮಠಗಳನ್ನು ಮುಚ್ಚಿಸುವುದನ್ನು ವಿರೋಧಿಸಿ ಉತ್ತರದ ಜನ ಎದ್ದರು. ರಾಬರ್ಟ್ ಆಸ್ಕ್ ಎಂಬ ವಕೀಲನ ಮುಂದಾಳುತನದಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಸೇರಿದಾಗ, ಅವರೆದುರು ರಾಜನ ಸೈನ್ಯ ತೀರಾ ಚಿಕ್ಕದಾಗಿತ್ತು. ಕ್ಷಮೆ ಸಿಗುತ್ತದೆ, ಅಹವಾಲು ಕೇಳಲು ಪಾರ್ಲಿಮೆಂಟು ಸೇರುತ್ತದೆ ಎಂಬ ಭರವಸೆ ಕೊಟ್ಟಾಗ ಅವರು ನಂಬಿ ಮನೆಗೆ ಹೋದರು. ಚಳಿಗಾಲದಲ್ಲಿ ಎದ್ದ ಸಣ್ಣ ದಂಗೆಯನ್ನೇ ನೆಪಮಾಡಿಕೊಂಡು ಹೆನ್ರಿ ಮಾತು ಮುರಿದ. 1537ರಲ್ಲಿ ಯಾರ್ಕ್ ನಗರದಲ್ಲಿ ಆಸ್ಕ್‌ನನ್ನು ಕೊಂದು ಸರಪಳಿಗಳಲ್ಲಿ ತೂಗುಹಾಕಲಾಯಿತು. ಮಕ್ಕಳು ಶಿಕ್ಷೆಯ ಕ್ರೌರ್ಯವನ್ನು ಮರೆತರೂ ಕೊಟ್ಟ ಮಾತಿಗೆ ತಪ್ಪಿದ್ದನ್ನು ಮರೆಯುವುದಿಲ್ಲ. ನನ್ನ ಅನುಭವದಲ್ಲಿ ತರಗತಿ ಪೂರ್ತಿ ನಿಶ್ಶಬ್ದವಾಗುವುದು ಅಲ್ಲಿಯೇ.

ಎರಡನೆಯ ಉತ್ತರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ಅದರಲ್ಲಿ ರಾಣಿಯರು ಮತ್ತೆ ಹಿನ್ನೆಲೆಗೆ ಸರಿದರು ಎನ್ನಿಸಿತು. ನಿಮ್ಮ ಮಕ್ಕಳು ನಕ್ಕದ್ದು ಅವರು ಕಠಿಣ ಹೃದಯದವರೆಂದಲ್ಲ, ಹಲಗೆಯ ಮೇಲೆ ಹೆಸರುಗಳಿದ್ದವು, ಮನುಷ್ಯರಿರಲಿಲ್ಲ. ಆರು ಮಂದಿಯನ್ನೂ ಸಮನಾಗಿ ಹೇಳುವ ಅಗತ್ಯವಿಲ್ಲ, ಇಬ್ಬರನ್ನು ಹತ್ತಿರದಿಂದ ತೋರಿಸಿದರೆ ಸಾಕು.

ಕ್ಯಾಥರೀನ್ ಆಫ್ ಅರಗಾನ್‌ಳನ್ನು ನಾನಂತೂ ಬಿಡುವುದಿಲ್ಲ. 1513ರಲ್ಲಿ ಗಂಡ ಫ್ರಾನ್ಸಿನಲ್ಲಿ ಯುದ್ಧದಲ್ಲಿದ್ದಾಗ ರಾಜ್ಯಭಾರ ಅವಳ ಕೈಯಲ್ಲಿತ್ತು. ಆಗಲೇ ಫ್ಲಾಡನ್ ಕಾಳಗದಲ್ಲಿ ಸ್ಕಾಟ್ಲೆಂಡಿನ ದೊರೆ ನಾಲ್ಕನೆಯ ಜೇಮ್ಸ್ ಸತ್ತ. ಅವನ ರಕ್ತಸಿಕ್ತ ಅಂಗಿಯನ್ನು ಅವಳು ಗೆಲುವಿನ ಗುರುತಾಗಿ ಗಂಡನಿಗೆ ಕಳುಹಿಸಿಕೊಟ್ಟಳು. ಅದೇ ಹೆಂಗಸು 1529ರ ಜೂನ್‌ನಲ್ಲಿ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್‌ನಲ್ಲಿ ಸೇರಿದ ನ್ಯಾಯಸಭೆಯಲ್ಲಿ ಎಲ್ಲರ ಎದುರು ಗಂಡನ ಮುಂದೆ ಮಂಡಿಯೂರಿ ತಾನು ನಿಜವಾದ ಹೆಂಡತಿಯೆಂದು ಹೇಳಿ, ಎದ್ದು ಹೊರನಡೆದಳು. ಕೂಗಿ ಕರೆದರೂ ತಿರುಗಿ ಬರಲಿಲ್ಲ. ತಡೆದವರ ಸಾಲಿನಲ್ಲಿ ಮೊದಲು ಬರಬೇಕಾದ ಹೆಸರು ಅವಳದು.

ಎರಡನೆಯವಳಾಗಿ ಕೊನೆಯ ರಾಣಿ ಕ್ಯಾಥರೀನ್ ಪಾರ್. 1545ರಲ್ಲಿ ಅವಳ ಪ್ರಾರ್ಥನೆಗಳ ಪುಸ್ತಕ ಅವಳ ಹೆಸರಿನಲ್ಲೇ ಅಚ್ಚಾಯಿತು. ಇಂಗ್ಲಿಷಿನಲ್ಲಿ ಹೆಣ್ಣೊಬ್ಬಳು ತನ್ನ ಹೆಸರು ಹಾಕಿ ಪುಸ್ತಕ ಪ್ರಕಟಿಸುವುದು ಆ ಕಾಲಕ್ಕೆ ಅಪರೂಪದ ಸಂಗತಿ.

ಮರಣದಂಡನೆಯನ್ನು ಮುಚ್ಚಿಡಬೇಡಿ, ವರ್ಣಿಸಲೂ ಬೇಡಿ. "1536ರ ಮೇ 19ರಂದು ಎರಡನೆಯ ರಾಣಿ ಆನ್ ಬೊಲಿನ್‌ಳನ್ನು ಕೊಲ್ಲಲಾಯಿತು, ಆಗ ಅವಳ ಮಗಳು ಎಲಿಜಬೆತ್‌ಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ" ಎಂದು ನೇರವಾಗಿ ಹೇಳಿ ಒಂದು ಕ್ಷಣ ಸುಮ್ಮನಿರಿ. ಯಾರೂ ನಗುವುದಿಲ್ಲ.

ಮೂರನೆಯ ಉತ್ತರ

ಕೈಗೆ ಸಿಗುವ ವಸ್ತುಗಳಿಂದ ಹೇಳಿದರೆ ಚೆನ್ನ. ಮುಪ್ಪಿನ ಹತ್ತಿರ ಬಂದ ಹೆನ್ರಿಗಾಗಿ 1540ರಲ್ಲಿ ಮಾಡಿದ ಉಕ್ಕಿನ ಕವಚದ ನಡು ಸುಮಾರು 50 ಅಂಗುಲ. ಅಷ್ಟು ಉದ್ದದ ದಾರವನ್ನು ನೆಲದ ಮೇಲೆ ವೃತ್ತವಾಗಿಟ್ಟು ಒಳಗೆ ಎಷ್ಟು ಮಕ್ಕಳು ನಿಲ್ಲಬಹುದೆಂದು ನೋಡಿ. ಆಮೇಲೆ, ಪಟ್ಟಕ್ಕೆ ಬಂದಾಗ ಇವನೇ ಕುದುರೆಯೇರಿ ಭರ್ಜಿಯಾಟ ಆಡುತ್ತಿದ್ದ ಎತ್ತರದ, ಚುರುಕಾದ ತರುಣನಾಗಿದ್ದ ಎಂದು ಹೇಳಿ.

ನಾಣ್ಯವೂ ಒಳ್ಳೆಯ ದಾರಿ. ಯುದ್ಧಗಳಿಗೆ ಹಣ ಸಾಲದೆ ಅವನು 1544ರಿಂದ ಬೆಳ್ಳಿ ನಾಣ್ಯಗಳಿಗೆ ತಾಮ್ರ ಬೆರೆಸುತ್ತ ಹೋದ. ನೂರಕ್ಕೆ 92.5 ಭಾಗ ಇರಬೇಕಾದ ಬೆಳ್ಳಿ 1546ರ ಹೊತ್ತಿಗೆ ಮೂರನೆಯ ಒಂದು ಪಾಲಿಗೆ ಇಳಿಯಿತು. ನಾಣ್ಯದ ಮೇಲೆ ರಾಜನ ಮುಖ ಎದುರಿಗೆ ನೋಡುವಂತಿತ್ತು. ಬೆಳ್ಳಿಯ ತೆಳು ಲೇಪ ಮೊದಲು ಸವೆಯುತ್ತಿದ್ದದ್ದು ಉಬ್ಬಿದ ಮೂಗಿನ ಮೇಲೆ, ಅಲ್ಲಿ ಕೆಂಪು ತಾಮ್ರ ಇಣುಕುತ್ತಿತ್ತು. ಹಾಗಾಗಿ ಅವನಿಗೆ 'ತಾಮ್ರದ ಮೂಗಿನ ಮುದುಕ' ಎಂಬ ಅಡ್ಡಹೆಸರು ಬಂತು. ಬಾಯಿ ತೆರೆದರೆ ದ್ರೋಹವಾಗುತ್ತಿದ್ದ ರಾಜ್ಯದಲ್ಲಿ ನಾಣ್ಯವೇ ನಿಜ ಹೇಳಿಬಿಟ್ಟಿತು.

ಒಂದು ತಿದ್ದುಪಡಿ: ಹೆನ್ರಿ ಪ್ರಾಟೆಸ್ಟೆಂಟ್ ಆದ ಎಂದು ಹೇಳಬೇಡಿ. ಪೋಪ್ ಅಧಿಕಾರವನ್ನು ಅವನು ತಳ್ಳಿಹಾಕಿದನೇ ಹೊರತು ಹಳೆಯ ನಂಬಿಕೆಗಳಲ್ಲಿ ಬಹುಪಾಲನ್ನು ಕೊನೆಯವರೆಗೂ ಉಳಿಸಿಕೊಂಡ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಪಾಠವನ್ನು ಮೂರು ದಿನಗಳಿಗೆ ಹಂಚಿಕೊಂಡಿದ್ದೇನೆ: ಮೊದಲ ದಿನ ಹತ್ತು ವರ್ಷದ ಹುಡುಗ ಮತ್ತು ಅಣ್ಣನ ಸಾವು, ಎರಡನೆಯ ದಿನ ಕ್ಯಾಥರೀನ್, ಮೋರ್ ಮತ್ತು ಆಸ್ಕ್, ಮೂರನೆಯ ದಿನ ದಾರ ಹಾಗೂ ನಾಣ್ಯ. ಕೊನೆಯನ್ನು 1547ರ ಜನವರಿ 28ಕ್ಕೆ ತಂದು ನಿಲ್ಲಿಸುತ್ತೇನೆ. ಅಂದು ಹೆನ್ರಿ ತೀರಿಕೊಂಡ, ಇಷ್ಟೆಲ್ಲ ಮಾಡಿ ಪಡೆದ ಮಗ ಎಡ್ವರ್ಡ್ ರಾಜನಾದ. ಅವನಿಗೆ ಆಗ ಒಂಬತ್ತು ವರ್ಷ, ನನ್ನ ಗುಂಪಿನ ಅತಿ ಕಿರಿಯ ಮಗುವಿನ ವಯಸ್ಸು. ಆ ಹುಡುಗಿ ಈ ವರ್ಷವೂ ನನ್ನ ಗುಂಪಿನಲ್ಲಿದ್ದಾಳೆ, ಎರಡನೆಯ ದಿನದ ಪಾಠವನ್ನು ಅವಳ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೇ ಆರಂಭಿಸುತ್ತೇನೆ.