ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ,

ವಿಜ್ಞಾನ ಪ್ರದರ್ಶನವೊಂದರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. ಒಂದೇ ಪದ ಕೈ ಕಟ್ಟಿದೆ: ಡೋಪಿಂಗ್. ಅಂದರೆ ಹರಳಿನೊಳಗೆ ಬೇರೆ ಧಾತುವಿನ ಒಂದಿಷ್ಟೇ ಪರಮಾಣುಗಳನ್ನು ಸೇರಿಸಿ ಅದರ ಗುಣ ಬದಲಿಸುವುದು.

ಫಲಕದ ವಿಷಯ ಇಷ್ಟು. ಸತು ಆಕ್ಸೈಡ್ ಒಂದು ಅರೆವಾಹಕ. ಅದರ ನ್ಯಾನೋ ಹರಳಿನಲ್ಲಿ ಒಂದಷ್ಟು ಸತುವಿನ ಜಾಗಕ್ಕೆ ಅಲ್ಯುಮಿನಿಯಂ ಬಂದರೆ, ಅದು ತನ್ನ ಜೊತೆ ಒಂದು ಎಲೆಕ್ಟ್ರಾನ್ ಜಾಸ್ತಿ ತರುತ್ತದೆ. ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಆದರೂ ಕಣ್ಣಿಗೆ ಕಾಣುವ ಬೆಳಕು ಹಾಗೇ ದಾಟಿಹೋಗುತ್ತದೆ. ಕೋಬಾಲ್ಟ್ ಬಂದರೆ ಹಸಿರು ಬಣ್ಣ. ಎಲೆಕ್ಟ್ರಾನ್ ಬಿಡಿಸಿಕೊಂಡು ಹರಿಯಲು ದಾಟಬೇಕಾದ ಶಕ್ತಿಯ ಅಂತರ ಸತು ಆಕ್ಸೈಡಿನಲ್ಲಿ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. ಮೆಗ್ನೀಸಿಯಂ ಸೇರಿದರೆ ಅದು ಹಿಗ್ಗುತ್ತದೆ, ಕ್ಯಾಡ್ಮಿಯಂ ಸೇರಿದರೆ ಕುಗ್ಗುತ್ತದೆ.

ನಿಘಂಟಿನಲ್ಲಿ ಸಿಕ್ಕಿದ್ದು ಆಟಗಾರರ ಸುದ್ದಿಯಲ್ಲಿ ಬರುವ 'ಉದ್ದೀಪನ ಮದ್ದು'. 'ಉದ್ದೀಪನ ಮದ್ದು ಸೇವಿಸಿದ ಸತು ಆಕ್ಸೈಡ್' ಅಂತ ಹಾಕೋಕಾಗುತ್ತಾ? ಕೆಲಸದ ಹೆಸರು, ಕೃದಂತ, ಸೇರುವ ಲೋಹ, ಮೂರಕ್ಕೂ ಒಗ್ಗುವಂಥದ್ದು ಬೇಕು.

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಕಲಬೆರಕೆ. ಇದರಲ್ಲಿ ಕೇಳೋದೇನಿದೆ?

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಕಲಬೆರಕೆ ಅಂದರೆ ಮೋಸ. ಗುಣ ಕೆಡಿಸುವ ಕೆಲಸ. ಹಿಂದಿಯಲ್ಲಿ 'ಅಪಮಿಶ್ರಣ' ಓಡುತ್ತಿದೆ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅದೂ ಕಲಬೆರಕೆಯೇ, ಸಂಸ್ಕೃತದ ಅಂಗಿ ತೊಟ್ಟಿದೆ ಅಷ್ಟೇ.

ಬೇರಿಗೆ ಹೋಗಿ. ಇಂಗ್ಲಿಷಿನವರಿಗೂ ಈ ಪದ ಸ್ವಂತದ್ದಲ್ಲ, ಡಚ್ಚರಿಂದ ಬಂದದ್ದು. ಅಲ್ಲಿ ಅದು ಅದ್ದುವ ಗಟ್ಟಿ ದ್ರವ. 'ಅದ್ದು' ಅನ್ನುವ ಕ್ರಿಯೆಯಿಂದ ಹುಟ್ಟಿದ್ದು. ನಮ್ಮಲ್ಲೂ 'ಅದ್ದು' ಇದೆ. ಅದ್ದಿಕೆ, ಅದ್ದಿದ, ಅದ್ದುಗ. ಮೂರೂ ಸಿಕ್ಕವು, ಮುಗಿಯಿತು.

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಮುಗಿಯಲಿಲ್ಲ. ನಾನು ಈ ಹರಳುಗಳನ್ನು ಮಾಡುವವನು. ಅದ್ದಿದರೆ ಮೈಗೆ ಮೆತ್ತಿಕೊಳ್ಳುತ್ತದೆ, ಒಳಗೆ ಹೋಗುವುದಿಲ್ಲ. ನಮ್ಮ ತಲೆನೋವೇ ಅದು.

5 ನ್ಯಾನೋಮೀಟರ್ ಅಗಲದ ಸತು ಆಕ್ಸೈಡ್ ಹರಳಿನಲ್ಲಿ ಸತು ಪರಮಾಣುಗಳು ಹೆಚ್ಚುಕಡಿಮೆ 2,700. ಶೇ 1 ಅಂದರೆ 27. ಆ 27 ಒಳಗೆ ಕೂತಿವೆಯೋ, ಸುಮ್ನೆ ಮೇಲೆ ಅಂಟಿಕೊಂಡಿವೆಯೋ ಅನ್ನುವುದರ ಮೇಲೆ ಗುಣವೆಲ್ಲ ನಿಂತಿದೆ. ಪುಟ್ಟ ಹರಳಿನಲ್ಲಿ ಎಲ್ಲಿ ಕೂತರೂ ಅಂಚು ಹತ್ತಿರ. ಹೊಸಬರನ್ನು ಹೊರಗೆ ತಳ್ಳುವುದು ಅದಕ್ಕೆ ಸುಲಭ. ಗಾತ್ರವೂ ಹೊಂದಬೇಕು. ಸತುವಿನ ಅಯಾನಿನ ತ್ರಿಜ್ಯ 60 ಪಿಕೋಮೀಟರ್, ಕೋಬಾಲ್ಟಿನದು 58. ತಂಟೆಯಿಲ್ಲ. ಅಲ್ಯುಮಿನಿಯಮ್ಮಿನದು 39. ಸುತ್ತಲಿನ ಪರಮಾಣುಗಳ ಜಾಲರಿ ಸೊಟ್ಟಗಾಗುತ್ತದೆ, ಹೆಚ್ಚು ತುಂಬಲು ಹೋದರೆ ಒಳಗೆ ನಿಲ್ಲುವುದೇ ಇಲ್ಲ.

ಅದಕ್ಕೇ ನನ್ನ ಮತ 'ಕಸಿ'ಗೆ. ಹೃದಯ ಕಸಿ ಅಂತೀವಲ್ವಾ? ಹಳೆಯದರ ಜಾಗಕ್ಕೆ ಹೊಸದು. ಮೈ ಒಪ್ಪದಿದ್ದರೆ ತಿರಸ್ಕಾರ. ಇಲ್ಲೂ ಅದೇ ಕತೆ.

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

'ಕಸಿದ ಸತು ಆಕ್ಸೈಡ್' ಅಂದರೆ ಯಾರ ಕೈಯಿಂದ ಕಸಿದದ್ದು? ಓದುಗರು ಕಳ್ಳಮಾಲು ಅಂದುಕೊಳ್ಳುತ್ತಾರೆ. ನಾಮಪದ ಗಿಡಕ್ಕೆ, ಕ್ರಿಯಾಪದ ದರೋಡೆಗೆ. ಕೃದಂತ ಬೇಕು ಅಂತ ಕೇಳಿದ್ದಾರೆ, ಓದಿದಿರಾ? ಅದೂ ಅಲ್ಲದೆ ಅಯಾನುಗಳನ್ನು ವೇಗವಾಗಿ ಹೊಡೆದು ಒಳಗೆ ನಾಟಿಸುವ ವಿಧಾನ ಬೇರೆ ಇದೆ. 'ಕಸಿ'ಯನ್ನು ಇಲ್ಲಿ ಖರ್ಚು ಮಾಡಿದರೆ ಅದಕ್ಕೇನು ಕೊಡುತ್ತೀರಿ?

ಮರು: ಎರವಲು (ಹಿಂದೆ: ಡೋಪಿಂಗ್)

ಆಕ್ಸೈಡ್, ಎಲೆಕ್ಟ್ರಾನ್, ನ್ಯಾನೋ ಮೂರನ್ನೂ ಸದ್ದಿಲ್ಲದೆ ನುಂಗಿದವರಿಗೆ ಡೋಪಿಂಗ್ ಮಾತ್ರ ಗಂಟಲಲ್ಲಿ ಸಿಕ್ಕಿತಾ? 'ಡೋಪಿಸು' ಅನ್ನಿ. ಪಾರಸಿಯ 'ರವಾನೆ'ಗೆ 'ಇಸು' ಹಚ್ಚಿ 'ರವಾನಿಸು' ಮಾಡಿಕೊಂಡಾಗ ಯಾರೂ ಅಳಲಿಲ್ಲ.

ಮರು: ಎರವಲು (ಹಿಂದೆ: ಡೋಪಿಂಗ್)

ವಸ್ತುವಿನ ಹೆಸರು ಎರವಲು ತರೋದು ಬೇರೆ. ಕೆಲಸಕ್ಕೂ ಎರವಲು ತಂದರೆ ನಮ್ಮ ಕ್ರಿಯಾಪದಗಳು ಯಾಕಿವೆ? 'ಅದ್ದು' ಬಗ್ಗೆ ಯಾರೂ ಸರಿಯಾದ ಆಕ್ಷೇಪ ಎತ್ತಿಲ್ಲ.

ಮರು: ಎರವಲು (ಹಿಂದೆ: ಡೋಪಿಂಗ್)

ಎತ್ತಿದ್ದಾರೆ. ನೀವು ಓದಿಲ್ಲ. 'ಇಸು' ನಮ್ಮದೇ ತಾನೆ?

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಕೇಳಿದವಳು ನಾನು. ಫಲಕ ಕಳಿಸಿಬಿಟ್ಟೆ. ತಲೆಬರಹದಲ್ಲಿ 'ಡೋಪಿಂಗ್' ಅಂತಲೇ ಇದೆ. ಒಳಗೆ 'ಅಲ್ಯುಮಿನಿಯಂ ಕೂರಿಸಿದ ಸತು ಆಕ್ಸೈಡ್' ಅಂತ ಬರೆದೆ. 'ಒಳಗೆ ಕೂತಿವೆಯೋ' ಅಂತ ಹರಳು ಮಾಡುವವರೇ ಬರೆದಿದ್ದರಲ್ಲ, ಅಲ್ಲಿಂದ ಎತ್ತಿಕೊಂಡದ್ದು. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಇಲ್ಲಿ ಹರಳಿಗೆ ಲೋಹ. ಕೆಲಸಕ್ಕೆ 'ಕೂರಿಸುವಿಕೆ'. ಲೋಹಕ್ಕೆ 'ಸೇರ್ಪಡೆ ಲೋಹ', ಇದು ಅಷ್ಟೇನೂ ಇಷ್ಟವಾಗಲಿಲ್ಲ.

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

'ಕೂರಿಸಿದ' ಒಪ್ಪಿದೆ. ಕಸಿ ವಾಪಸ್. ಸಂದಿಯಲ್ಲಿ ತೂರಿಕೊಂಡ ಪರಮಾಣುವಿಗೂ ಇದು ನಡೆಯುತ್ತದೆ, ಕಸಿ ನಡೆಯುತ್ತಿರಲಿಲ್ಲ. ಆದರೆ ಮೆಗ್ನೀಸಿಯಂ ಸಾಲನ್ನು ಸಾಧ್ಯವಾದರೆ ತಿದ್ದಿಸಿ. ಅಂತರ ಚೆನ್ನಾಗಿ ಹಿಗ್ಗಬೇಕಾದರೆ ಶೇ 20ರಷ್ಟೆಲ್ಲ ಹಾಕುತ್ತಾರೆ. ಅಷ್ಟಾದರೆ ಅದು ಡೋಪಿಂಗ್ ಅಲ್ಲ, ಬೆರಕೆ.

ಮರು: ಡೋಪಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ನಾನು ಮೊದಲೇ ಹೇಳಿದ್ದೆ.