ಪಿಸಿಗೂ ಪಿಎಸ್ 5ಗೂ ಒಂದೇ ಅಲ್ಟ್ರಾವೈಡ್ ಸಾಕಾ?

ಪ್ರಶ್ನೆ (ನಾಪೋಕ್ಲು): ಸರ್, 34 ಇಂಚಿನ ಅಲ್ಟ್ರಾವೈಡ್ (ಅಗಲ ಜಾಸ್ತಿ ಇರುವ) ಮಾನಿಟರ್ ತೆಗೆದುಕೊಳ್ಳಬೇಕು ಅಂತಿದ್ದೇನೆ. ಹಗಲು ಆಫೀಸ್ ಕೆಲಸ, ತೋಟದ ಲೆಕ್ಕ. ರಾತ್ರಿ ಪಿಸಿಯಲ್ಲಿ ರೇಸಿಂಗ್ ಗೇಮ್. ತಮ್ಮ ಅದೇ ಮೇಜಿನಲ್ಲಿ ಪಿಎಸ್ 5 ಗೇಮ್ ಕನ್ಸೋಲ್ ಹಾಕಿ ಫುಟ್‌ಬಾಲ್ ಆಡುತ್ತಾನೆ. ಎರಡಕ್ಕೂ ಸರಿಹೋಗುತ್ತದಾ?

ಉತ್ತರ (ಕಂಪ್ಯೂಟರ್ ಸರ್ವಿಸ್, ಮಡಿಕೇರಿ): ನಿಮಗೆ ಚೆನ್ನಾಗಿ ಸರಿಹೋಗುತ್ತದೆ. ತಮ್ಮನಿಗೆ ಮಾತ್ರ ಪೂರ್ತಿ ಪರದೆ ಸಿಗುವುದಿಲ್ಲ. ಪಿಎಸ್ 5 ಆಗಲಿ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆಗಲಿ, ಅಲ್ಟ್ರಾವೈಡ್‌ನ 21:9 (ಅಗಲ-ಎತ್ತರದ ಅನುಪಾತ) ಚಿತ್ರ ಕಳಿಸುವುದೇ ಇಲ್ಲ. ಮಾಮೂಲಿ ಟಿವಿಯ 16:9 ಅಷ್ಟೇ. 3440×1440 ಪರದೆಯ ನಡುವೆ 2560 ಪಿಕ್ಸೆಲ್ ಅಗಲದಲ್ಲಿ ಆಟ ಬರುತ್ತದೆ, ಎರಡೂ ಪಕ್ಕ 440 ಪಿಕ್ಸೆಲ್ ಕಪ್ಪು ಪಟ್ಟಿ. ಅವನ ಪಾಲಿಗೆ ಅದು ಹೆಚ್ಚುಕಡಿಮೆ 27 ಇಂಚಿನ ಮಾನಿಟರ್. ಆಡಲು ಅದು ಸಾಕು.

ತೊಂದರೆ ಇರುವುದು ಚಿತ್ರ ಎಳೆದು ಪರದೆ ತುಂಬಿಸುವ ಮಾನಿಟರ್‌ಗಳಲ್ಲಿ. ಆಟಗಾರರೆಲ್ಲ ದಪ್ಪ, ಚೆಂಡು ಮೊಟ್ಟೆಯಾಕಾರ! ಮೆನುವಿನಲ್ಲಿ ಚಿತ್ರದ ಆಕಾರ ಕೆಡಿಸದ ಆಸ್ಪೆಕ್ಟ್ ಅಥವಾ 1:1 ಆಯ್ಕೆ ಇರಲೇಬೇಕು.

ಪಿಎಸ್ 5ಗೆ 1440ಪಿ (2560×1440 ಪಿಕ್ಸೆಲ್) ಬಂದದ್ದು 2022ರ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ. ಆದರೂ ಕೆಲವು ಅಲ್ಟ್ರಾವೈಡ್‌ಗಳು ಕನ್ಸೋಲ್‌ನಿಂದ ಬರುವ 1440ಪಿ ಒಪ್ಪುವುದಿಲ್ಲ, 1080ಪಿಗೆ ಇಳಿದುಬಿಡುತ್ತವೆ. ಆಗ ಸಣ್ಣ ಅಕ್ಷರ ಮಸುಕಾಗುತ್ತದೆ. ಸಾಧ್ಯವಾದರೆ ಅಂಗಡಿಗೆ ಪಿಎಸ್ 5 ತೆಗೆದುಕೊಂಡೇ ಹೋಗಿ. ಅದರ ಸ್ಕ್ರೀನ್ ಸೆಟ್ಟಿಂಗ್‌ನಲ್ಲೇ 1440ಪಿ ಟೆಸ್ಟ್ ಇದೆ. ಡಬ್ಬದ ಮೇಲೆ ಫ್ರೀಸಿಂಕ್ (ಆಟದ ವೇಗಕ್ಕೆ ಪರದೆಯ ವೇಗ ಹೊಂದಿಸುವ ವ್ಯವಸ್ಥೆ) ಅಂತ ಬರೆದಿದ್ದರೆ ಎಕ್ಸ್‌ಬಾಕ್ಸ್‌ಗೆ ಆಯಿತು. ಪಿಎಸ್ 5ಗೆ ಅದೇ ಕೆಲಸಕ್ಕೆ ಎಚ್‌ಡಿಎಂಐ 2.1ರ ವಿಆರ್‌ಆರ್ ಬೇಕು.

ಪಿಸಿಗೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಎಚ್‌ಡಿಎಂಐ 2.0ರಲ್ಲಿ ಈ ರೆಸಲ್ಯೂಷನ್ ಸುಮಾರು 100 ಹರ್ಟ್ಸ್‌ಗೇ (ಸೆಕೆಂಡಿಗೆ 100 ಚಿತ್ರ) ನಿಂತುಬಿಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಯಾವುದು? ಮಾಮೂಲಿ 1440ಪಿಗಿಂತ ಮೂರನೇ ಒಂದು ಪಾಲು ಪಿಕ್ಸೆಲ್ ಜಾಸ್ತಿ ಓಡಿಸಬೇಕು, ನೆನಪಿರಲಿ.

ಪ್ರಶ್ನೆ (ಗೋಣಿಕೊಪ್ಪ): ಓಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ತಗೊಂಡರೆ ಹೇಗೆ ಸರ್? ಬಣ್ಣ ಅದ್ಭುತ ಅಲ್ವಾ?

ಉತ್ತರ: ಅದ್ಭುತವೇ. ಆದರೆ ನಾಪೋಕ್ಲುವಿನವರ ಬಳಕೆಗೆ ನಾನು ಹೇಳುವುದಿಲ್ಲ. ಹಗಲೆಲ್ಲ ಎಕ್ಸೆಲ್ ಮತ್ತು ಟಾಸ್ಕ್‌ಬಾರ್ ಅಲುಗದೆ ಕೂತಿರುತ್ತವೆ. ಸಂಜೆ ನಡುಭಾಗ ಮಾತ್ರ ಉರಿಯುತ್ತದೆ, ಪಕ್ಕದ ಪಟ್ಟಿಗಳು ಆರಿರುತ್ತವೆ. ವರ್ಷಗಟ್ಟಲೆ ಹೀಗೆ ನಡೆದರೆ ಪರದೆ ಒಂದೇ ಸಮ ಸವೆಯುವುದಿಲ್ಲ. ಮಾಮೂಲಿ ಎಲ್‌ಸಿಡಿ ಬಗೆಯ ಐಪಿಎಸ್ ನೆಮ್ಮದಿ. ಇನ್ನೊಂದು ಎಲ್‌ಸಿಡಿ ಬಗೆಯಾದ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಕಡಿಮೆ ಬೆಲೆಯವುಗಳಲ್ಲಿ ಕತ್ತಲ ದೃಶ್ಯ ಓಡುವಾಗ ಹಿಂದೆ ನೆರಳು ಎಳೆಯುತ್ತದೆ. ರಾತ್ರಿ ರೇಸ್‌ನಲ್ಲಿ ಎದ್ದು ಕಾಣುತ್ತದೆ.

ನಮ್ಮ ಕಡೆಯ ಮಾತು ಒಂದಿದೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತಿಡಿ, ರೌಟರ್‌ನಿಂದ ಬರುವ ಲ್ಯಾನ್ ವೈರನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ವೈರಿನಲ್ಲೂ ಬರುತ್ತದೆ.

ಪ್ರಶ್ನೆ (ನಾಪೋಕ್ಲು): ನಿಜ ಹೇಳಬೇಕೆಂದರೆ ತಮ್ಮನೇ ಜಾಸ್ತಿ ಆಡುವುದು ಸರ್. ನಾನು ವಾರಕ್ಕೊಮ್ಮೆ.

ಉತ್ತರ: ಹಾಗಾದರೆ ಅಲ್ಟ್ರಾವೈಡ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಎಚ್‌ಡಿಎಂಐ 2.1 ಇರುವ 32 ಇಂಚಿನ 4ಕೆ ತೆಗೆದುಕೊಳ್ಳಿ. ಅವನಿಗೆ ಪರದೆ ತುಂಬ ಆಟ, ನಿಮಗೆ ಲೆಕ್ಕದ ಸಾಲುಗಳು ಇನ್ನೂ ಜಾಸ್ತಿ ಕಾಣುತ್ತವೆ. ಗ್ರಾಫಿಕ್ಸ್ ಕಾರ್ಡ್ ಹೆಸರು ಹಾಕಿ, ಮಾಡೆಲ್ ನೋಡೋಣ.